ಲಿಫ್ಟ್ ನವೀಕರಣ ಮತ್ತು ಸುರಕ್ಷತೆ

ಬಳಕೆಯಲ್ಲಿರುವ ಹಳೆಯ ಲಿಫ್ಟಿನ ಮೋಟಾರು, ಕಂಟ್ರೋಲ್ ಪ್ಯಾನೆಲ್, ಬಾಗಿಲು, ಹಗ್ಗ ಮತ್ತು ಸುರಕ್ಷಾ ಸಾಧನಗಳನ್ನು ಪೂರ್ತಿಯಾಗಿಯೋ ಒಂದೊಂದಾಗಿಯೋ ಬದಲಿಸಿ ಇಂದಿನ ಮಾನದಂಡಕ್ಕೆ ತರುವ ಕೆಲಸ. ಕಸುಬಿನವರು ಇದನ್ನು ಮಾಡರ್ನೈಸೇಶನ್ ಎನ್ನುತ್ತಾರೆ. ಹೊಸ ಲಿಫ್ಟ್ ಕೂರಿಸುವುದಕ್ಕಿಂತ ಇದು ಕಷ್ಟದ ಕೆಲಸ. ಹೊಸ ಕಟ್ಟಡದ ಶಾಫ್ಟ್ ಖಾಲಿಯಿರುತ್ತದೆ, ಸುತ್ತ ಜನವಿರುವುದಿಲ್ಲ. ಹಳೆಯ ಕಟ್ಟಡದಲ್ಲಿ ಮಕ್ಕಳು, ಮುದುಕರು, ರೋಗಿಗಳು ಓಡಾಡುತ್ತಿರುವಾಗಲೇ ಅರ್ಧ ಹಳತು ಅರ್ಧ ಹೊಸತಾದ ಯಂತ್ರವೊಂದು ವಾರಗಟ್ಟಲೆ ಶಾಫ್ಟಿನಲ್ಲಿ ತೂಗುತ್ತಿರುತ್ತದೆ. ಈ ಕಸುಬಿನ ದೊಡ್ಡ ಅಪಾಯಗಳೆಲ್ಲ ಆ ನಡುಗಾಲದವು.

ಹಿನ್ನೆಲೆ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ವಿದ್ಯುತ್ತಿನಿಂದ ಬಂದ ಹೆಸರಿದೆ. ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಡುವಿನ ತಂತಿಯ ಉದ್ದ ಸುಮಾರು 92 ಮೈಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಊರಿಗಿಂತ ಗಣಿಗೆ ಮೊದಲ ಪಾಲು.

ಕಟ್ಟಡಗಳಲ್ಲಿ ಲಿಫ್ಟ್ ಸಾಮಾನ್ಯವಾಗುವ ಎಷ್ಟೋ ಮೊದಲೇ ಕನ್ನಡ ನಾಡಿನಲ್ಲಿ ಜನ ದಿನನಿತ್ಯ ಉಕ್ಕಿನ ಹಗ್ಗವೊಂದನ್ನು ನಂಬಿ ಇಳಿದು ಹತ್ತುತ್ತಿದ್ದುದು ಕೋಲಾರದ ಆ ಗಣಿಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಕೇಜಿನಲ್ಲಿ ಒತ್ತೊತ್ತಾಗಿ ನಿಂತ ಕಾರ್ಮಿಕರ ಜೀವ ಮೇಲಿನ ವೈಂಡಿಂಗ್ ಎಂಜಿನಿನವನ ಕೈಯಲ್ಲಿ ಮತ್ತು ಗಂಟೆಯ ಸಂಕೇತದಲ್ಲಿ ಇರುತ್ತಿತ್ತು. ಹಗ್ಗವನ್ನು ದಿನವೂ ಕಣ್ಣಿಟ್ಟು ನೋಡುವುದು, ನಿಂತಿದ್ದ ಕೇಜನ್ನು ಜನ ಹತ್ತುವ ಮುನ್ನ ಖಾಲಿಯಾಗಿ ಓಡಿಸಿ ನೋಡುವುದು ಗಣಿಯ ಶಿಸ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿನ ಆ ಶಿಸ್ತು ನಮ್ಮ ಅಪಾರ್ಟ್‌ಮೆಂಟುಗಳಿಗೆ ಬಂದಿದ್ದರೆ ಚೆನ್ನಾಗಿತ್ತು. ಶಿವನಸಮುದ್ರದಲ್ಲೂ ಕಣಿವೆಯ ತಳದ ವಿದ್ಯುದಾಗಾರಕ್ಕೆ ಇಳಿಯಲು ಇಳಿಜಾರು ಹಳಿಯ ಮೇಲೆ ಹಗ್ಗ ಎಳೆಯುವ ಟ್ರಾಲಿ ಇದೆ. ಅದನ್ನು ಓರೆಯಾಗಿ ಮಲಗಿಸಿದ ಲಿಫ್ಟ್ ಎನ್ನಬಹುದು.

ಕಟ್ಟಡದ ಲಿಫ್ಟಿನ ಕಥೆ ಅಮೆರಿಕದ್ದು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಎಲಿಶಾ ಓಟಿಸ್ ತಾನು ನಿಂತ ವೇದಿಕೆಯ ಹಗ್ಗವನ್ನೇ ಕಡಿಸಿ, ವೇದಿಕೆ ಬೀಳದೆ ನಿಲ್ಲುವುದನ್ನು ತೋರಿಸಿದ. ಮೇಲೆತ್ತುವ ಯಂತ್ರ ಅವನಿಗಿಂತ ಮೊದಲೇ ಇತ್ತು. ಹಗ್ಗ ಹೋದಾಗ ಹಿಡಿದು ನಿಲ್ಲಿಸುವ ಸಾಧನ ಅವನದು. 1880ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ವೆರ್ನರ್ ಫಾನ್ ಸೀಮೆನ್ಸ್ ವಿದ್ಯುತ್ ಲಿಫ್ಟ್ ತೋರಿಸಿದ. 1892ರಲ್ಲಿ ಕಲ್ಕತ್ತೆಯ ಇಂದಿನ ರಾಜಭವನಕ್ಕೆ ಲಿಫ್ಟ್ ಬಂತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 106 ಮೀಟರ್ ಎತ್ತರದ ಪಬ್ಲಿಕ್ ಯುಟಿಲಿಟಿ ಕಟ್ಟಡ ಮುಗಿದದ್ದು 1973ರಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಿಗೆ ಲಿಫ್ಟ್ ಬಂದದ್ದು ತಡವಾಗಿ, ನರ್ಸಿಂಗ್ ಹೋಮ್, ಲಾಡ್ಜ್, ಕಲ್ಯಾಣ ಮಂಟಪಗಳ ಜೊತೆಗೆ. ಲಿಫ್ಟಿನ ಯಂತ್ರಕ್ಕೆ ಸಾಮಾನ್ಯವಾಗಿ 20–25 ವರ್ಷ ಆಯುಸ್ಸು ಎಂದು ಹಿಡಿಯುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಎಂದೋ ಶುರುವಾದ ನವೀಕರಣದ ಸರದಿ ಈಗ ಜಿಲ್ಲೆಯ ಊರುಗಳದು.

ಕಾನೂನು, ಮಾನದಂಡ

ಮುಂಬಯಿ ಪ್ರಾಂತ್ಯ 1939ರಲ್ಲೇ ಲಿಫ್ಟ್ ಕಾಯ್ದೆ ಮಾಡಿತ್ತು. ಕರ್ನಾಟಕದ ಮೊದಲ ಕಾಯ್ದೆ 1974ರದು. ಅದರ ಜಾಗಕ್ಕೆ ಬಂದದ್ದು 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಅಧಿನಿಯಮ. ಅದರ ನಿಯಮಗಳು 2015ರವು. ಜಾರಿ ಮಾಡುವುದು ಇಂಧನ ಇಲಾಖೆಯಡಿಯ ವಿದ್ಯುತ್ ಪರಿವೀಕ್ಷಣಾಲಯ. ಲಿಫ್ಟ್ ಕೂರಿಸಲು ಅನುಮತಿ ಬೇಕು, ಓಡಿಸಲು ಪರವಾನಗಿ ಬೇಕು, ಅಪಘಾತವಾದರೆ ವರದಿ ಕೊಡಬೇಕು. ಹಳೆಯ ಲಿಫ್ಟಿಗೆ ಹೊಸ ಮೋಟಾರು, ಹೊಸ ಪ್ಯಾನೆಲ್ ಹಾಕುವುದು ಮಾರ್ಪಾಡೇ ಹೊರತು ಬರೀ ರಿಪೇರಿಯಲ್ಲ. ಮಾಲೀಕರು ಇದನ್ನು ಮರೆಯುವುದೇ ಹೆಚ್ಚು.

ತಾಂತ್ರಿಕ ಮಾನದಂಡಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಐಎಸ್ 14665. ಯೂರೋಪಿನ ಇಎನ್ 81 ಸರಣಿಗೆ ಹತ್ತಿರವಾದ ಐಎಸ್ 17900 ಈಚೆಗೆ ಬಂದಿದೆ. ಹೊಸ ಮಾನದಂಡ ಬಂದ ಮಾತ್ರಕ್ಕೆ ಹಳೆಯ ಲಿಫ್ಟ್ ತಾನಾಗಿ ಸುಧಾರಿಸುವುದಿಲ್ಲ. ಯೂರೋಪಿನವರು ಇದಕ್ಕೆಂದೇ 2003ರಲ್ಲಿ ಇಎನ್ 81-80 ರೂಪಿಸಿ, ಹಳೆಯ ಲಿಫ್ಟುಗಳಲ್ಲಿ ಇರಬಹುದಾದ 74 ಅಪಾಯಗಳನ್ನು ಪಟ್ಟಿಮಾಡಿದರು. ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದಕ್ಕೆ ಆ ಪಟ್ಟಿ ಇಂದಿಗೂ ಒಳ್ಳೆಯ ದಾರಿ.

ಏನನ್ನು ಬದಲಿಸಬೇಕು

ನಿವಾಸಿಗಳ ಸಂಘದ ಸಭೆಯಲ್ಲಿ ನವೀಕರಣದ ಮಾತು ಬಂದರೆ ಮೊದಲು ಏಳುವುದು ಕ್ಯಾಬಿನ್ನಿನ ಪ್ರಶ್ನೆ. ಸ್ಟೀಲ್ ಗೋಡೆ, ಕನ್ನಡಿ, ಎಲ್‌ಇಡಿ ದೀಪ, ನೆಲಕ್ಕೆ ಗ್ರಾನೈಟ್. ಗ್ರಾನೈಟಿನ ಲೆಕ್ಕ ನೋಡಿ. 1.1 ಮೀಟರ್ ಅಗಲ, 1.3 ಮೀಟರ್ ಉದ್ದದ ನೆಲಕ್ಕೆ 20 ಮಿಲಿಮೀಟರ್ ದಪ್ಪದ ಕಲ್ಲು ಹಾಸಿದರೆ ತೂಕ 75 ಕೆಜಿ ದಾಟುತ್ತದೆ. ನಮ್ಮ ಲಿಫ್ಟಿನ ಫಲಕಗಳಲ್ಲಿ ‘6 ಜನ, 408 ಕೆಜಿ’ ಎಂದಿರುವುದು ತಲೆಗೆ 68 ಕೆಜಿ ಲೆಕ್ಕದಲ್ಲಿ. ಅಂದರೆ ಕಲ್ಲು ಹಾಸಿದ ದಿನದಿಂದ ಒಬ್ಬ ಪ್ರಯಾಣಿಕ ಹಗಲೂ ರಾತ್ರಿ ಲಿಫ್ಟಿನಲ್ಲೇ ನಿಂತಂತೆ. ಎದುರು ಬದಿಯ ಕೌಂಟರ್‌ವೇಟ್ ತೂಕ ಕೂಡ ಸರಿಹೊಂದಿಸದಿದ್ದರೆ ಬ್ರೇಕು, ಮೋಟಾರು, ಹಗ್ಗದ ಹಿಡಿತ ಎಲ್ಲದರ ಲೆಕ್ಕವೂ ತಪ್ಪುತ್ತದೆ. ದುಡ್ಡು ಮೊದಲು ಹೋಗಬೇಕಾದದ್ದು ಕಣ್ಣಿಗೆ ಕಾಣದ ಭಾಗಗಳಿಗೆ.

ಅವುಗಳಲ್ಲಿ ಮೊದಲನೆಯದು ಬ್ರೇಕು. ಬ್ರೇಕು ಕೆಟ್ಟರೆ ಲಿಫ್ಟ್ ಕೆಳಗೆ ಬೀಳುತ್ತದೆ ಎಂಬುದು ಜನರ ನಂಬಿಕೆ. ನಿಜದಲ್ಲಿ ಆಗುವುದು ಬಹುಪಾಲು ತಿರುಗುಮುರುಗು. ಕೌಂಟರ್‌ವೇಟಿನ ತೂಕ ಖಾಲಿ ಕ್ಯಾಬಿನ್ನಿನ ತೂಕಕ್ಕೆ ಪೂರ್ಣ ಹೊರೆಯ ಶೇಕಡಾ 40ರಿಂದ 50ರಷ್ಟನ್ನು ಸೇರಿಸಿದಷ್ಟಿರುತ್ತದೆ. ಒಬ್ಬಿಬ್ಬರೇ ಇದ್ದ ಕ್ಯಾಬಿನ್ನು ಎದುರಿನ ತೂಕಕ್ಕಿಂತ ಹಗುರ. ಬ್ರೇಕು ಹಿಡಿಯದಿದ್ದರೆ ಅದು ಮೇಲಕ್ಕೆ ಹಾರುತ್ತದೆ. ಗವರ್ನರ್ ಮತ್ತು ಸೇಫ್ಟಿ ಗೇರ್, ಅಂದರೆ ವೇಗ ಮೀರಿದಾಗ ಗೈಡ್ ರೈಲನ್ನು ಕಚ್ಚಿ ಹಿಡಿಯುವ ವ್ಯವಸ್ಥೆ, ಹಳೆಯ ಲಿಫ್ಟುಗಳಲ್ಲಿ ಕೆಳಮುಖ ಓಟಕ್ಕೆ ಮಾತ್ರ ಇರುತ್ತಿತ್ತು. ಇನ್ನೂ ಭೀಕರವಾದದ್ದು ಬಾಗಿಲು ತೆರೆದಿದ್ದು ಜನ ಹತ್ತಿ ಇಳಿಯುತ್ತಿರುವಾಗ ಕ್ಯಾಬಿನ್ನು ತಾನಾಗಿ ಕದಲುವುದು. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುವಂಥ ಎರಡು ಪ್ರತ್ಯೇಕ ಜೋಡಿಯ ಬ್ರೇಕು, ಅಥವಾ ಹಗ್ಗವನ್ನೇ ಬಿಗಿಹಿಡಿಯುವ ಗ್ರಿಪ್ಪರ್, ಈ ಎರಡೂ ಅಪಾಯಗಳಿಗೆ ಮದ್ದು. ಒಂದೇ ಕೆಲಸಕ್ಕೆ ಹಣವಿದೆ ಎನ್ನುವ ಮಾಲೀಕನಿಗೆ ಇದನ್ನೇ ಮೊದಲು ಮಾಡಿಸಿ ಎನ್ನಬೇಕು.

ಬಾಗಿಲು ಎರಡನೆಯದು. ಎಳೆದು ಮುಚ್ಚುವ ಜಾಲರಿ ಗೇಟುಗಳು ಇಂದಿಗೂ ಹಳೆಯ ಕಟ್ಟಡಗಳಲ್ಲಿವೆ. ಮಗುವಿನ ಕೈ ಜಾಲರಿಯ ಸಂದಿನಲ್ಲಿ ಹೊರಗೆ ಚಾಚಿಕೊಂಡಿರುವಾಗಲೇ ಕ್ಯಾಬಿನ್ನು ಹೊರಡಬಹುದು. ಮಹಡಿಯ ಬಾಗಿಲಿನ ಗೇಟ್ ಲಾಕ್ ಸವೆದಿದ್ದರೆ ಕ್ಯಾಬಿನ್ನು ಇಲ್ಲದಿದ್ದರೂ ಬಾಗಿಲು ತೆರೆದುಕೊಂಡು, ಕತ್ತಲಲ್ಲಿ ಕಾಲಿಟ್ಟವರು ಶಾಫ್ಟಿಗೆ ಬೀಳುತ್ತಾರೆ. ಮೈಸೂರಿನ ಲಲಿತಮಹಲ್ ಅರಮನೆಯಂಥ ಕಡೆ ಹಳೆಗಾಲದ ಲಿಫ್ಟ್ ನೋಡುವುದಕ್ಕೊಂದು ಸೊಗಸು. ಆಸ್ಪತ್ರೆಗೆ ಅದು ತಕ್ಕದ್ದಲ್ಲ.

ಮೂರನೆಯದು ಪ್ಯಾನೆಲ್ ಮತ್ತು ಡ್ರೈವ್. ಒಂದೇ ವೇಗದ ಮೋಟಾರು, ರಿಲೇ ಪ್ಯಾನೆಲ್ಲಿನ ಲಿಫ್ಟ್ ಹೊರೆ ಬದಲಾದಂತೆ ಮಹಡಿಗಿಂತ ಎರಡು ಮೂರು ಅಂಗುಲ ಮೇಲೋ ಕೆಳಗೋ ನಿಲ್ಲುತ್ತದೆ. ಎಡವುವವರು ವಯಸ್ಸಾದವರು. ಆವೃತ್ತಿಯನ್ನೇ ಬದಲಿಸುವ ವಿವಿವಿಎಫ್ ಡ್ರೈವ್ ಹಾಕಿದರೆ ಈ ಅಂತರ 10 ಮಿಲಿಮೀಟರಿನೊಳಗೆ ಬರುತ್ತದೆ, ಜರ್ಕ್ ಇರುವುದಿಲ್ಲ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಮಂಡ್ಯ ಜಿಲ್ಲೆಯಿರಲಿ ಬೇರೆಲ್ಲೇ ಇರಲಿ, ಟ್ರಾನ್ಸ್‌ಫಾರ್ಮರ್ ಬದಲಿಸಿದಾಗ ಮೂರು ಫೇಸುಗಳ ಸರದಿ ಅದಲುಬದಲಾಗುವುದುಂಟು. ಆಗ ತೋಟದ ಪಂಪ್‌ಸೆಟ್ ಹಿಮ್ಮುಖ ತಿರುಗಿ ನೀರೆತ್ತುವುದಿಲ್ಲ, ಅಷ್ಟೇ. ನೇರವಾಗಿ ಲೈನಿನಿಂದ ಓಡುವ ಹಳೆಯ ಲಿಫ್ಟ್ ಮಾತ್ರ ಮೇಲಿನ ಗುಂಡಿ ಒತ್ತಿದರೆ ಕೆಳಗೆ ಹೊರಡುತ್ತದೆ. ಇದನ್ನು ತಡೆಯುವ ಫೇಸ್ ರಿಲೇ ಅಗ್ಗದ ಸಾಮಾನು. ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ನೋಡುವವರು ವಿರಳ. ಕರೆಂಟ್ ಹೋದಾಗ ಬ್ಯಾಟರಿಯಿಂದ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಸಾಧನ ಸಣ್ಣ ಊರುಗಳಲ್ಲಿ ಶೋಕಿಯಲ್ಲ, ಅಗತ್ಯ.

ಹಗ್ಗದ ವಿಷಯದಲ್ಲಿ ಜನಕ್ಕೆ ಭಯ ಹೆಚ್ಚು, ಅಪಾಯ ಕಡಿಮೆ. ಮೂರು ಅಥವಾ ಹೆಚ್ಚು ಹಗ್ಗಗಳಿರುವ ಲಿಫ್ಟಿನಲ್ಲಿ ಅವುಗಳ ಒಟ್ಟು ಬಲ ಹೊರೆಯ 12 ಪಟ್ಟಾದರೂ ಇರಬೇಕೆಂಬುದು ನಿಯಮ. ಎಳೆಗಳು ಮುರಿದಿದ್ದರೆ, ವ್ಯಾಸ ಇಳಿದಿದ್ದರೆ, ಒಳಗಿನಿಂದ ಕೆಂಪು ಪುಡಿ ಹೊರಬರುತ್ತಿದ್ದರೆ ಬದಲಿಸಬೇಕು.

ಶಾಫ್ಟಿನೊಳಗೆ

ಕ್ಯಾಬಿನ್ನಿನ ತಲೆಯ ಮೇಲೆ, ಅಂದರೆ ಕಾರ್ ಟಾಪಿಗೆ, ಹತ್ತುವುದು ಈ ಕಸುಬಿನ ದಿನಚರಿ. ಅನುಭವಿ ಮೆಕ್ಯಾನಿಕ್ ಹತ್ತುವ ಪರಿಯನ್ನು ನೋಡಬೇಕು. ಮೊದಲು ಕ್ಯಾಬಿನ್ನನ್ನು ಹತ್ತಲು ತಕ್ಕ ಎತ್ತರಕ್ಕೆ ತಂದು, ತ್ರಿಕೋನ ಕೀಲಿಯಿಂದ ಮಹಡಿಯ ಬಾಗಿಲನ್ನು ಸ್ವಲ್ಪವೇ ತೆರೆದು ಹಿಡಿಯುತ್ತಾನೆ. ಹೊರಗಿನ ಗುಂಡಿ ಒತ್ತಿ ಕಾಯುತ್ತಾನೆ, ಲಿಫ್ಟ್ ಕದಲಬಾರದು. ಕದಲಲಿಲ್ಲವಾದರೆ ಬಾಗಿಲಿನ ಲಾಕ್ ಸರಿಯಿದೆ ಎಂದಾಯಿತು. ನಂತರ ಹೊರಗೇ ನಿಂತು ಕೈಚಾಚಿ ಕಾರ್ ಟಾಪಿನ ಸ್ಟಾಪ್ ಸ್ವಿಚ್ಚು ಒತ್ತುತ್ತಾನೆ, ಬಾಗಿಲು ಮುಚ್ಚಿ ಮತ್ತೆ ಗುಂಡಿ ಒತ್ತುತ್ತಾನೆ, ಆಗಲೂ ಕದಲಬಾರದು. ಬಳಿಕ ಇನ್‌ಸ್ಪೆಕ್ಷನ್ ಸ್ವಿಚ್ಚು ತಿರುಗಿಸಿ, ಸ್ಟಾಪ್ ಬಿಡಿಸಿ, ಮೂರನೆಯ ಸಲ ಅದೇ ಪರೀಕ್ಷೆ. ಮೂರೂ ಒಂದೊಂದಾಗಿ ಖಾತ್ರಿಯಾದ ಮೇಲೆ, ಸ್ಟಾಪ್ ಮತ್ತೆ ಒತ್ತಿ ಕಾಲಿಡುವುದು. ಇನ್‌ಸ್ಪೆಕ್ಷನ್ ಸ್ಥಿತಿಯಲ್ಲಿ ಲಿಫ್ಟ್ ಸೆಕೆಂಡಿಗೆ 0.63 ಮೀಟರಿಗಿಂತ ವೇಗವಾಗಿ ಓಡಕೂಡದು, ಅದೂ ಅವನು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ. ಇದಕ್ಕೆಲ್ಲ ಹಿಡಿಯುವುದು ಎರಡು ನಿಮಿಷ. ಒಂದೇ ದಿನ ಹತ್ತಾರು ಕಟ್ಟಡ ಸುತ್ತಬೇಕಾದ ಸರ್ವಿಸ್ ಹುಡುಗ ಉಳಿಸಲು ನೋಡುವುದು ಆ ಎರಡು ನಿಮಿಷವನ್ನೇ.

ಜಂಪರ್ ಇದಕ್ಕಿಂತ ದೊಡ್ಡ ಮೃತ್ಯು. ದೋಷ ಹುಡುಕಲು ಬಾಗಿಲಿನ ಲಾಕ್ ಸರ್ಕ್ಯೂಟಿಗೆ ತಾತ್ಕಾಲಿಕವಾಗಿ ಹಾಕುವ ಗೇಣುದ್ದದ ತಂತಿ ಅದು. ತೆಗೆಯಲು ಮರೆತರೆ ಬಾಗಿಲು ತೆರೆದೇ ಲಿಫ್ಟ್ ಓಡುತ್ತದೆ. ಪ್ಯಾನೆಲ್ಲಿನ ತಂತಿಗಳೆಲ್ಲ ಬದಲಾಗುತ್ತಿರುವ ನವೀಕರಣದ ದಿನಗಳಲ್ಲಿ ಅದು ನೂರು ತಂತಿಗಳ ನಡುವೆ ಸೇರಿಹೋಗುವುದು ಸುಲಭ. ಎದ್ದು ಕಾಣುವ ಬಣ್ಣದ, ನಂಬರು ಹಾಕಿದ ಜಂಪರ್‌ಗಳನ್ನು ಎಣಿಸಿ ಒಯ್ದು ಎಣಿಸಿ ತರುವುದು ಒಳ್ಳೆಯ ರೂಢಿ. ಇಎನ್ 81-20 ಇದಕ್ಕೆ ಬದಲಾಗಿ ಪ್ಯಾನೆಲ್ಲಿನಲ್ಲೇ ಬೈಪಾಸ್ ಸ್ವಿಚ್ಚು ಇರಬೇಕೆಂದಿತು. ಅದನ್ನು ತಿರುಗಿಸಿದರೆ ಲಿಫ್ಟ್ ಇನ್‌ಸ್ಪೆಕ್ಷನ್ ಸ್ಥಿತಿಯಲ್ಲಿ ಮಾತ್ರ ಓಡುತ್ತದೆ, ಓಡುವಾಗ ಸದ್ದು ಮಾಡಿ ದೀಪ ಮಿನುಗಿಸುತ್ತದೆ.

ಹಳೆಯ ಯಂತ್ರ ಇಳಿಸುವ ದಿನ ತೂಕದ ಲೆಕ್ಕ ಪಕ್ಕಾ ಇರಬೇಕು. ಕೌಂಟರ್‌ವೇಟನ್ನು ಕೆಳಗೆ ಊರುಗೋಲಿನ ಮೇಲೆ ಕೂರಿಸಿ, ಕ್ಯಾಬಿನ್ನನ್ನು ಮೇಲೆ ಚೈನ್ ಬ್ಲಾಕಿಗೆ ತೂಗುಹಾಕಿ, ಸೇಫ್ಟಿ ಗೇರ್ ಕೂಡ ಕಚ್ಚಿಸಿದ ನಂತರವೇ ಹಗ್ಗ ಬಿಚ್ಚುವುದು. ಚಾವಣಿಯ ಹಳೆಯ ಕೊಕ್ಕೆ ಎಷ್ಟು ತೂಕ ತಾಳೀತು ಎಂಬುದಕ್ಕೆ ಅಂದಾಜು ಸಾಲದು. ಒಂದೇ ಶಾಫ್ಟಿನಲ್ಲಿ ಎರಡು ಲಿಫ್ಟುಗಳಿದ್ದು, ಒಂದನ್ನು ಬಿಚ್ಚುವಾಗ ಇನ್ನೊಂದು ಓಡುತ್ತಿದ್ದರೆ ನಡುವೆ ಜಾಲರಿ ತಡೆ ಬೇಕೇಬೇಕು. ಪಕ್ಕದ ಕೌಂಟರ್‌ವೇಟ್ ಸದ್ದಿಲ್ಲದೆ ಬರುತ್ತದೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಊದಿ ಹಾರಿಸಬಾರದು. ಮಳೆಗಾಲದಲ್ಲಿ ಶಾಫ್ಟಿನ ತಳದ ಗುಂಡಿಯಲ್ಲಿ, ಅಂದರೆ ಪಿಟ್ಟಿನಲ್ಲಿ, ನೀರು ನಿಂತಿದ್ದರೆ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳದೆ ಯಾರೂ ಇಳಿಯಬಾರದು. ಒಬ್ಬನೇ ಶಾಫ್ಟಿನಲ್ಲಿ ಕೆಲಸ ಮಾಡಬಾರದೆಂಬುದೂ ಎಲ್ಲರಿಗೂ ಗೊತ್ತಿರುವ, ಎಲ್ಲರೂ ಮುರಿಯುವ ನಿಯಮ.

ಐಟಿಐಗಳಲ್ಲಿ ಎರಡು ವರ್ಷದ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಎಂಬ ವೃತ್ತಿಯೇ ಇದೆ. ಆದರೂ ಎಲೆಕ್ಟ್ರೀಷಿಯನ್ ಅಥವಾ ಫಿಟ್ಟರ್ ಕಲಿತು ಬಂದ ಹುಡುಗರು ಹಿರಿಯ ಮೆಕ್ಯಾನಿಕ್ಕಿನ ಜೊತೆ ಓಡಾಡಿ ಕಸುಬು ಹಿಡಿಯುವುದುಂಟು. ಹಿರಿಯನ ಕೈಚಳಕದ ಜೊತೆ ಅವನ ಅಡ್ಡದಾರಿಗಳೂ ಹುಡುಗನಿಗೆ ಬರುತ್ತವೆ. ಕಂಪನಿ ಗುತ್ತಿಗೆದಾರನಿಗೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ ಕೆಲಸ ಕೊಟ್ಟಾಗ ಹಾರ್ನೆಸ್ ಯಾರು ಕೊಡಿಸಬೇಕು ಎಂಬುದೇ ತಕರಾರಾಗುತ್ತದೆ.

ಸಿಕ್ಕಿಬಿದ್ದವರು ಮತ್ತು ಬೆಂಕಿ

ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್ನು ಸ್ವತಃ ಸುರಕ್ಷಿತ ಜಾಗ, ಗಾಳಿ ಆಡುತ್ತದೆ. ಅಪಾಯ ಇರುವುದು ಬಾಗಿಲು ಸರಿಸಿ ಹೊರಗೆ ಜಿಗಿಯುವುದರಲ್ಲಿ. ಮಹಡಿಗಿಂತ ಮೇಲೆ ನಿಂತ ಕ್ಯಾಬಿನ್ನಿನ ಕೆಳಗೆ ಶಾಫ್ಟ್ ಬಾಯಿ ತೆರೆದಿರುತ್ತದೆ, ಹಾರಿದವರು ಹಿಂದಕ್ಕೆ ವಾಲಿದರೆ ಅದರೊಳಗೆ. ಇದಕ್ಕೆಂದೇ ಕ್ಯಾಬಿನ್ನಿನ ಹೊಸ್ತಿಲಡಿ 750 ಮಿಲಿಮೀಟರ್ ಉದ್ದದ ಏಪ್ರನ್ ತಗಡು ಬೇಕು. ಹಳೆಯ ಲಿಫ್ಟುಗಳಲ್ಲಿ ಅದು ಗಿಡ್ಡ, ಇಲ್ಲವೇ ಇರುವುದೇ ಇಲ್ಲ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಮಂದಿ ಸತ್ತರು. ಹೊಗೆ ಕೇಬಲ್ಲಿನ ಡಕ್ಟ್ ಹಿಡಿದು ಮಹಡಿಯಿಂದ ಮಹಡಿಗೆ ಏರಿತ್ತು. ಲಿಫ್ಟಿನ ಶಾಫ್ಟೂ ಅಂಥದ್ದೇ ನೇರ ಕೊಳವೆ. ಆದ್ದರಿಂದ ನವೀಕರಣದಲ್ಲಿ ಬೆಂಕಿ ತಡೆಯುವ ಬಾಗಿಲು, ಅಲಾರಂ ಬಂದೊಡನೆ ಲಿಫ್ಟನ್ನು ನೆಲಮಹಡಿಗೆ ಕರೆಸಿ ಬಾಗಿಲು ತೆರೆದು ನಿಲ್ಲಿಸುವ ವ್ಯವಸ್ಥೆ ಸೇರಬೇಕು. ಎತ್ತರದ ಕಟ್ಟಡಗಳಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಫೈರ್ ಲಿಫ್ಟ್ ಅಗ್ನಿಶಾಮಕ ಸಿಬ್ಬಂದಿಗೆ, ನಿವಾಸಿಗಳಿಗಲ್ಲ. ಅದು ನೆಲಮಹಡಿಯಿಂದ ತುದಿಗೆ ಒಂದು ನಿಮಿಷದೊಳಗೆ ತಲುಪಬೇಕು.

ಪರೀಕ್ಷೆ

ಕೆಲಸ ಮುಗಿದ ಮೇಲೆ ತೂಕದ ಕಲ್ಲುಗಳನ್ನು ತುಂಬಿ ಪರೀಕ್ಷೆ. ನಿಗದಿತ ಹೊರೆಯ ಶೇಕಡಾ 125ನ್ನು ಹೊತ್ತು ಇಳಿಯುವಾಗ ಬ್ರೇಕು ಹಿಡಿಯಬೇಕು. ಗವರ್ನರನ್ನು ಕೈಯಾರೆ ಕಚ್ಚಿಸಿ ಸೇಫ್ಟಿ ಗೇರ್ ನೋಡಬೇಕು. ಹಿಡಿದ ಗುರುತು ಗೈಡ್ ರೈಲಿನ ಎರಡೂ ಬದಿಯಲ್ಲಿ ಸಮನಾಗಿ ಮೂಡಿರಬೇಕು. ಒಂದೊಂದು ಮಹಡಿಯಲ್ಲೂ ಬಾಗಿಲು ತೆರೆದು ಲಿಫ್ಟ್ ಹೊರಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ತೂಕ ಮೀರಿದರೆ ಬಜರ್ ಕೂಗಬೇಕು. ಇವೆಲ್ಲದರ ದಾಖಲೆಯನ್ನು ಪರಿವೀಕ್ಷಕರಿಗೆ ತೋರಿಸಿದ ನಂತರವೇ ಲಿಫ್ಟನ್ನು ಜನರಿಗೆ ಬಿಡುವುದು. ಮುಹೂರ್ತ ಹತ್ತಿರವಾದ ಕಲ್ಯಾಣ ಮಂಟಪದವರು ಒತ್ತಾಯಿಸಿದರೂ ಅದಕ್ಕೆ ಮೊದಲಲ್ಲ.