ಅಶ್ವಶಿಕ್ಷಣದ ಸಂವತ್ಸರಗಳು

ಹಿಂದಿನ ಕಾಲದ ಕೂಲಿಮಠಗಳಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಮಗುವು, ಅಯ್ಯನವರು ಮರಳಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬೆರಳಾಡಿಸುತ್ತಿದ್ದ ಕ್ರಿಯೆಗೆ ನಮ್ಮ ಹಿರಿಯರು ‘ತಿದ್ದುವುದು’ ಎಂಬ ಹೆಸರನ್ನಿಟ್ಟಿದ್ದರು. ತಪ್ಪನ್ನು ಸರಿಪಡಿಸುವ ಕ್ರಿಯೆಗೂ ಅವರು ಕೊಟ್ಟ ಹೆಸರು ಅದೇ. ಕಲಿಯುವುದೂ ಸರಿಪಡಿಸಿಕೊಳ್ಳುವುದೂ ಬೇರೆಬೇರೆಯಲ್ಲವೆಂಬ ಅರಿವು ಆ ಒಂದು ಮಾತಿನಲ್ಲಿ ಅಡಗಿದೆ. ಯೂರೋಪಿನಲ್ಲಿ ‘ಡ್ರೆಸಾಜ್’ ಎಂದು ಪ್ರಸಿದ್ಧವಾಗಿರುವ ಅಶ್ವಶಿಕ್ಷಣಕಲೆಯ ಹೆಸರನ್ನು ಬಿಡಿಸಿ ನೋಡಿದಾಗ ನನಗೆ ಈ ಕನ್ನಡದ ಮಾತೇ ನೆನಪಾಗುತ್ತದೆ. ಏಕೆಂದರೆ ಆ ಹೆಸರಿನ ಮೂಲವಾದ ಫ್ರೆಂಚ್ ಧಾತುವಿಗೆ ನೆಟ್ಟಗೆ ಮಾಡು, ಅಣಿಗೊಳಿಸು, ಪಳಗಿಸು ಎಂಬ ಅರ್ಥಗಳುಂಟು. ಒಂದು ಕುದುರೆಗೆ ಈ ವರ್ಷ ಏನನ್ನು ಕಲಿಸಬೇಕು, ಕಳೆದ ವರ್ಷ ಕಲಿಸಿದ್ದು ಅದರ ಮೈಗೆ ಹತ್ತಿದೆಯೆ, ಹತ್ತದಿದ್ದಲ್ಲಿ ಎಲ್ಲಿಗೆ ಹಿಂದಿರುಗಬೇಕು ಎಂಬ ಪ್ರಶ್ನೆಗಳನ್ನು ಶತಮಾನಗಳ ಕಾಲ ಶ್ರದ್ಧೆಯಿಂದ ಕೇಳಿಕೊಂಡು ಬಂದವರ ಚರಿತ್ರೆಯು, ಬೇರೆ ಯಾವ ವಿದ್ಯೆಯನ್ನು ಅಭ್ಯಾಸ ಮಾಡುವವರಿಗೂ ತಿಳಿಯತಕ್ಕ ಚರಿತ್ರೆಯಾಗಿದೆ.

ಕುದುರೆಯ ನಡೆಗೆ ಶಾಸ್ತ್ರವುಂಟೆಂಬ ವಿಚಾರವು ನಮ್ಮವರಿಗೂ ಅಪರಿಚಿತವಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಅಶ್ವಾಧ್ಯಕ್ಷಪ್ರಕರಣದಲ್ಲಿ ಯುದ್ಧಕ್ಕೆ ಸಲ್ಲುವ ಶಿಕ್ಷಣವನ್ನೂ ಸವಾರಿಗೆ ಸಲ್ಲುವ ಶಿಕ್ಷಣವನ್ನೂ ಬೇರ್ಪಡಿಸಿ, ವಲ್ಗನ, ಲಂಘನ ಮೊದಲಾದ ನಡೆಗಳನ್ನು ಎಣಿಸಿದ್ದಾನೆ, ಅಮರಕೋಶವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ಗತಿಗಳನ್ನು ‘ಧಾರೆ’ಗಳೆಂದು ಕರೆಯುತ್ತದೆ, 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ತುರಗವಾಹ್ಯಾಳಿಯನ್ನು ರಾಜವಿನೋದಗಳಲ್ಲಿ ಒಂದಾಗಿ ವರ್ಣಿಸಿದ್ದಾನೆ. ಕುದುರೆಸವಾರಿಯ ಈ ವಿನೋದವನ್ನು ಹೇಳುವ ‘ವೈಹಾಳಿ’ ಎಂಬ ಮಾತು ಹಳಗನ್ನಡದ ಓದುಗರಿಗೆ ಚೆನ್ನಾಗಿ ಪರಿಚಿತವಷ್ಟೆ. ಆದರೆ ಶಿಕ್ಷಣವನ್ನು ವರ್ಷವರ್ಷದ ಮೆಟ್ಟಿಲುಗಳಾಗಿ ಕಡೆದು, ಆ ಮೆಟ್ಟಿಲುಗಳನ್ನು ನಾಲ್ಕು ಶತಮಾನಗಳಿಗೂ ಮೀರಿ ಸವೆಯಗೊಡದೆ ಕಾಪಾಡಿಕೊಂಡು ಬಂದ ಒಂದು ಸಂಸ್ಥೆಯನ್ನು ಕಾಣಬೇಕಾದರೆ ನಾವು ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಹೋಗಬೇಕು.

ಅಲ್ಲಿಗೆ ಹೋಗುವ ದಾರಿ ಗ್ರೀಸ್ ದೇಶದಿಂದ ಹೊರಡುತ್ತದೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಥೆನ್ಸಿನ ಸೇನಾನಿಯೂ ಗ್ರಂಥಕಾರನೂ ಆದ ಕ್ಸೆನೊಫನ್ ಅಶ್ವಾರೋಹಣವನ್ನು ಕುರಿತು ಬರೆದ ಚಿಕ್ಕ ಪುಸ್ತಕದಲ್ಲಿ, ಬಲಾತ್ಕಾರದಿಂದ ಮಾಡಿಸಿದ ನಡೆಯಲ್ಲಿ ಅರಿವೂ ಇರದು, ಅಂದವೂ ಇರದು, ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದಂತೆಯೇ ಅದು ಎಂಬ ತತ್ತ್ವವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಅವನ ಮಾತು ಬಹುಕಾಲ ಮರೆತುಹೋಗಿತ್ತು. 1550ರಲ್ಲಿ ನೇಪಲ್ಸಿನ ಫೆಡರಿಕೊ ಗ್ರಿಸೋನೆಯ ಗ್ರಂಥವು ಅಶ್ವಶಿಕ್ಷಣವನ್ನು ಮತ್ತೆ ಶಾಸ್ತ್ರದ ಪದವಿಗೇರಿಸಿತಾದರೂ, ಅದರ ಉಪಾಯಗಳಲ್ಲಿ ಕ್ರೌರ್ಯಕ್ಕೆ ಕಡಮೆಯಿರಲಿಲ್ಲ. ಫ್ರಾನ್ಸಿನ ಬಾಲರಾಜ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದ ಆಂಟ್ವಾನ್ ದ ಪ್ಲುವಿನೆಲ್, ಪ್ರತಿಯೊಂದು ಕುದುರೆಯ ಸ್ವಭಾವವನ್ನೂ ಬೇರೆಬೇರೆಯಾಗಿ ತಿಳಿದು ಮೆಚ್ಚುಗೆಯಿಂದ ಕಲಿಸಬೇಕೆಂದು ಬೋಧಿಸಿದನು. ಆ ಬಳಿಕ 1733ರಲ್ಲಿ ತನ್ನ ಅಶ್ವಶಿಕ್ಷಣಗ್ರಂಥವನ್ನು ಪ್ರಕಟಿಸಿದ ಫ್ರಾಂಸ್ವಾ ದ ಲಾ ಗೆರಿನಿಯೇರ್, ಹಿಂದಿನವರು ಸೂತ್ರಪ್ರಾಯವಾಗಿ ಹೇಳಿದ್ದನ್ನೆಲ್ಲ ಕ್ರಮಬದ್ಧವಾದ ಪಾಠಪದ್ಧತಿಯನ್ನಾಗಿ ಮಾಡಿದನು. ವಿಯೆನ್ನಾದ ಶಾಲೆ ಇಂದಿಗೂ ತನ್ನ ಗುರುವೆಂದು ಮನ್ನಿಸುವುದು ಅವನನ್ನು.

ಆ ಶಾಲೆಯ ಹೆಸರು ಸ್ಪ್ಯಾನಿಷ್ ಅಶ್ವಾರೋಹಣ ಶಾಲೆ. ಸ್ಪೇನ್ ದೇಶದಿಂದ ತರಿಸಿದ ಕುದುರೆಗಳ ಕಾರಣದಿಂದ ಬಂದ ಈ ಹೆಸರು 1572ರ ದಾಖಲೆಯಲ್ಲಿಯೇ ಕಾಣಸಿಗುತ್ತದೆ. 1580ರಲ್ಲಿ ಆರ್ಚ್‌ಡ್ಯೂಕ್ ಎರಡನೆಯ ಕಾರ್ಲನು ಇಂದಿನ ಸ್ಲೊವೇನಿಯಾಕ್ಕೆ ಸೇರಿದ ಲಿಪಿತ್ಸ ಎಂಬ ಊರಿನಲ್ಲಿ ತಳಿಶಾಲೆಯನ್ನು ಸ್ಥಾಪಿಸಿದನು. ಕಪ್ಪು ಕಂದು ಬಣ್ಣಗಳಲ್ಲಿ ಹುಟ್ಟಿ ವರ್ಷಗಳು ಕಳೆದಂತೆ ಬೆಳ್ಳಗಾಗುವ ಲಿಪಿತ್ಸಾನರ್ ಕುದುರೆಗಳಿಗೆ ಹೆಸರು ಬಂದುದು ಆ ಊರಿನಿಂದ. ಚಕ್ರವರ್ತಿ ಆರನೆಯ ಕಾರ್ಲನ ಆಜ್ಞೆಯಂತೆ ಯೋಸೆಫ್ ಇಮ್ಯಾನುಯೆಲ್ ಫಿಷರ್ ಫೊನ್ ಎರ್ಲಾಖ್ 1729ರಿಂದ 1735ರವರೆಗೆ ಕಟ್ಟಿದ ಚಳಿಗಾಲದ ಸವಾರಿಮಂದಿರವು 55 ಮೀಟರ್ ಉದ್ದ, 18 ಮೀಟರ್ ಅಗಲವಾಗಿದ್ದು, 46 ಕಂಬಗಳು ಅದರ ಉಪ್ಪರಿಗೆಗಳನ್ನು ಹೊತ್ತಿವೆ. ಒಳಹೊಗುವ ಸವಾರನು ಎದುರುಗೋಡೆಯಲ್ಲಿರುವ ಆರನೆಯ ಕಾರ್ಲನ ಚಿತ್ರಕ್ಕೆ ಟೋಪಿ ತೆಗೆದು ವಂದಿಸುತ್ತಾನೆ. ಅರಸೊತ್ತಿಗೆ ಅಳಿದು ನೂರು ವರ್ಷಗಳು ಕಳೆದರೂ ಆ ವಂದನೆ ಅಳಿದಿಲ್ಲ.

ಇಂತಹ ವೈಭವದ ಶಾಲೆಯಲ್ಲಿ ವಿದ್ಯೆಯು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು. 1898ರಲ್ಲಿ ಫ್ರಾಂಟ್ಸ್ ಹೋಲ್ಬೈನ್ ಫೊನ್ ಹೋಲ್ಬೈನ್ಸ್‌ಬರ್ಗ್, ಯೋಹಾನ್ ಮೈಕ್ಸ್‌ನರ್ ಎಂಬಿಬ್ಬರು ಸೇರಿ ಅದನ್ನು ಒಂದು ಕಿರುಹೊತ್ತಗೆಯಲ್ಲಿ ಬರೆದಿಟ್ಟರು. ಕುದುರೆಯ ಶಿಕ್ಷಣಕ್ಕೆ ಅವರು ಗುರುತಿಸಿದ ಘಟ್ಟಗಳು ಮೂರು. ಮೊದಲನೆಯದು, ಕುದುರೆಯು ತನ್ನ ಸಹಜವಾದ ಭಂಗಿಯಲ್ಲಿ ಸವಾರನನ್ನು ಹೊತ್ತು, ಬೆದರದೆ ನೇರವಾಗಿ ಮುಂದಕ್ಕೆ ನಡೆಯುವುದು. ಎರಡನೆಯದು, ಎಲ್ಲ ನಡೆಗಳಲ್ಲಿಯೂ ತಿರುವುಗಳಲ್ಲಿಯೂ ಮೈಯನ್ನು ಕೂಡಿಸಿಕೊಂಡು ಸಮತೋಲದಿಂದ ಚಲಿಸುವುದು. ಮೂರನೆಯದು, ಹಿಂಗಾಲಿನ ಕೀಲುಗಳನ್ನು ಚೆನ್ನಾಗಿ ಮಡಿಸಿ, ಭಾರವನ್ನು ಹಿಂದಕ್ಕೆ ತೆಗೆದುಕೊಂಡು, ನಾಟ್ಯಸದೃಶವಾದ ನಡೆಗಳನ್ನೂ ನೆಗೆತಗಳನ್ನೂ ಸಾಧಿಸುವ ಉಚ್ಚವಿದ್ಯೆ. ಸ್ಥೂಲವಾಗಿ ಒಂದೊಂದು ಘಟ್ಟಕ್ಕೆ ಒಂದೊಂದು ವರ್ಷವೆಂದು ಹೇಳುವುದುಂಟು. ಆದರೆ ನಾಲ್ಕರ ಪ್ರಾಯದಲ್ಲಿ ಲಾಯಕ್ಕೆ ಬಂದ ಕುದುರೆ ಪೂರ್ಣಶಿಕ್ಷಿತವೆನಿಸಿಕೊಳ್ಳಲು ಆರು ವರ್ಷಗಳಾದರೂ ಹಿಡಿಯುವುದು ವಾಡಿಕೆ.

ಇಷ್ಟು ಕಾಲ ಏತಕ್ಕೆ ಬೇಕೆಂಬ ಪ್ರಶ್ನೆಗೆ ಉತ್ತರ ಕುದುರೆಯ ದೇಹದಲ್ಲಿಯೇ ಇದೆ. ಸ್ವಭಾವತಃ ಅದರ ಭಾರ ಹೆಚ್ಚಾಗಿ ಮುಂಗಾಲುಗಳ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಸವಾರನು ಕುಳಿತೊಡನೆ ಆ ಹೊರೆ ಮತ್ತಷ್ಟು ಏರುತ್ತದೆ. ಈ ಭಾರವನ್ನು ಹಿಂಗಾಲುಗಳಿಗೆ ವರ್ಗಾಯಿಸಬೇಕಾದರೆ ಬೆನ್ನಿನ ಸ್ನಾಯುಗಳು ಬಲಿಯಬೇಕು, ಮಂಡಿಗಳು ಬಾಗಲು ಕಲಿಯಬೇಕು. ಸ್ನಾಯುವು ಆಜ್ಞೆಗೆ ಬೆಳೆಯುವುದಿಲ್ಲ, ಋತುಮಾನಕ್ಕೆ ಬೆಳೆಯುತ್ತದೆ. ಆದಕಾರಣ ಗುರಿಯನ್ನು ದಿನದಿಂದಲ್ಲ, ವರ್ಷದಿಂದ ಅಳೆಯುವುದು ಅಲ್ಲಿನ ಪದ್ಧತಿಯಾಯಿತು.

ಮೊದಲ ವರ್ಷದ ಪಾಠವನ್ನು ಹತ್ತಿರ ನಿಂತು ನೋಡೋಣ. ಮೂಗಿನ ಮೇಲೆ ಮೆತ್ತನೆಯ ಪಟ್ಟಿ ಕಟ್ಟಿಸಿಕೊಂಡ ಎಳೆಯ ಕುದುರೆಯು ಉದ್ದವಾದ ಹಗ್ಗದ ತುದಿಯಲ್ಲಿ ವೃತ್ತಾಕಾರವಾಗಿ ಸುತ್ತುತ್ತದೆ. ನಡುವೆ ನಿಂತ ಶಿಕ್ಷಕನ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಹೊಡೆಯುವುದಕ್ಕಲ್ಲದೆ ದಿಕ್ಕು ತೋರುವುದಕ್ಕಾಗಿ ಹಿಡಿದ ಚಾವಟಿ. ಅವನ ಧ್ವನಿಯ ಏರಿಳಿತವನ್ನು ಕೇಳಿ ಕುದುರೆ ನಡಿಗೆಯಿಂದ ದುಡಿಕಿಗೂ ದುಡಿಕಿಯಿಂದ ನಡಿಗೆಗೂ ಬರುತ್ತದೆ. ಮೊದಮೊದಲು ಕತ್ತು ಬಿಗಿದು, ಕಿವಿ ನಿಮಿರಿಸಿ, ಬಾಲವನ್ನು ಒತ್ತಿಕೊಂಡಿದ್ದ ಪ್ರಾಣಿಯು ಕೆಲವು ವಾರಗಳಲ್ಲಿ ಕತ್ತನ್ನು ಕೆಳಗೆ ಚಾಚಿ, ಉಸಿರನ್ನು ಬಿಟ್ಟು, ಬೆನ್ನನ್ನು ಅಲೆಯಂತೆ ಆಡಿಸತೊಡಗುತ್ತದೆ. ಆ ದಿನ ಪಾಠ ಅಲ್ಲಿಗೆ ನಿಲ್ಲುತ್ತದೆ. ಶಿಕ್ಷಕನು ತನ್ನ ಉದ್ದಂಗಿಯ ಹಿಂಬದಿಯ ಒಳಜೇಬಿನಿಂದ ಸಕ್ಕರೆಯ ತುಂಡನ್ನು ತೆಗೆದು ಅಂಗೈಯಲ್ಲಿಟ್ಟು ತಿನ್ನಿಸುತ್ತಾನೆ. ಚಕ್ರವರ್ತಿಗಳ ಕಾಲದ ಆ ಉಡುಪಿನಲ್ಲಿ ಸಕ್ಕರೆಗೆಂದೇ ಒಂದು ಜೇಬನ್ನು ಹೊಲಿದಿರುವ ಸಂಗತಿಯು ಆ ಶಾಲೆಯ ಶಿಕ್ಷಣತತ್ತ್ವವನ್ನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಹೇಳುತ್ತದೆಂದು ನಾನು ಬಗೆಯುತ್ತೇನೆ.

ಎರಡನೆಯ ಘಟ್ಟದ ಮುಖ್ಯ ಪಾಠ, ಲಾ ಗೆರಿನಿಯೇರನು ಸಮಸ್ತ ಶಿಕ್ಷಣದ ಆದಿ ಅಂತ್ಯವೆಂಬಂತೆ ಕೊಂಡಾಡಿದ ‘ಭುಜವನ್ನು ಒಳಕ್ಕೆ ತರುವ’ ಅಭ್ಯಾಸ. ಗೋಡೆಯ ಬದಿಯಲ್ಲಿ ನಡೆಯುವ ಕುದುರೆಯ ಮುಂಗಾಲುಗಳನ್ನು ಸವಾರನು ಕೊಂಚ ಒಳಕ್ಕೆ ತರುತ್ತಾನೆ. ಆಗ ಒಳಬದಿಯ ಹಿಂಗಾಲು ಹೊಟ್ಟೆಯ ಕೆಳಗೆ ಆಳವಾಗಿ ಬಂದು ಭಾರವನ್ನು ಹೊರಲೇಬೇಕಾಗುತ್ತದೆ. ಈ ಒಂದು ಪಾಠವು ಸಿದ್ಧಿಸದೆ ಮುಂದಿನದಕ್ಕೆ ಹೋದವನಿಗೆ, ನಿಂತ ನೆಲೆಯಲ್ಲಿಯೇ ತಾಳಬದ್ಧವಾಗಿ ಹೆಜ್ಜೆಯೆತ್ತುವ ‘ಪಿಯಾಫ್’ ಆಗಲಿ, ಮುಂಗಾಲುಗಳನ್ನೆತ್ತಿ ಹಿಂಗಾಲುಗಳನ್ನು ಮಡಿಸಿ ಶಿಲ್ಪದಂತೆ ಕ್ಷಣಕಾಲ ನಿಲ್ಲುವ ‘ಲೆವಾಡ್’ ಆಗಲಿ ದಕ್ಕುವುದಿಲ್ಲ. ನೆಲದಿಂದ ಮೇಲೆ ನೆಗೆದು ಹಿಂಗಾಲುಗಳನ್ನು ಝಾಡಿಸುವ ‘ಕಾಪ್ರಿಯೋಲ್’ ಅಂತೂ ಎಲ್ಲ ಕುದುರೆಗಳಿಗೂ ವಿಧಿಸತಕ್ಕ ಗುರಿಯಲ್ಲ. ಯಾವುದರಲ್ಲಿ ಆ ನೆಗೆತದ ಒಲವು ತಾನಾಗಿ ತೋರುತ್ತದೆಯೋ ಅದಕ್ಕೆ ಮಾತ್ರ ಅದನ್ನು ಕಲಿಸುತ್ತಾರೆ.

ವರ್ಷದ ವಿಮರ್ಶೆ ನಡೆಯುವುದೂ ಹೀಗೆಯೇ. ಸಾಮಾನ್ಯವಾಗಿ ಒಂದು ಕುದುರೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಸವಾರನು ಬೆಳೆಸುವುದರಿಂದ, ಅದರ ಕಳೆದ ವರ್ಷವು ಅವನ ತೊಡೆಗಳಲ್ಲಿಯೂ ಬೆರಳುಗಳಲ್ಲಿಯೂ ಸ್ಮೃತಿಯಾಗಿ ಉಳಿದಿರುತ್ತದೆ. ಮೂರನೆಯ ವರ್ಷದ ಪಾಠದಲ್ಲಿ ಕುದುರೆ ಬಿಗಿದುಕೊಂಡರೆ, ಹೆಜ್ಜೆಯ ತಾಳ ತಪ್ಪಿದರೆ, ಅವನು ಆ ಪಾಠವನ್ನೇ ಒತ್ತಿ ಹಿಡಿಯುವುದಿಲ್ಲ. ಎರಡನೆಯ ವರ್ಷದ ಪಾಠಕ್ಕೆ, ಅಲ್ಲಿಯೂ ಸರಿಹೋಗದಿದ್ದರೆ ಮೊದಲ ವರ್ಷದ ನೇರನಡಿಗೆಗೆ ಹಿಂದಿರುಗುತ್ತಾನೆ. ಗುರಿಯನ್ನು ಇಡುವವನು ಮನುಷ್ಯನಾದರೂ, ಅದು ಮುಟ್ಟಿತೆಂದು ತೀರ್ಪು ಕೊಡುವುದು ಕುದುರೆಯೇ. ಶಿಕ್ಷಿತವಾದ ಹಳೆಯ ಕುದುರೆಯು ಹೊಸ ಸವಾರನಿಗೂ, ನುರಿತ ಸವಾರನು ಹೊಸ ಕುದುರೆಗೂ ಗುರುವಾಗುವ ಅಲ್ಲಿನ ಸಂಪ್ರದಾಯದಲ್ಲಿ, ಹೊಸದಾಗಿ ಸೇರಿದ ಹುಡುಗನು ಲಗಾಮನ್ನಾಗಲಿ ರಿಕಾಪನ್ನಾಗಲಿ ಮುಟ್ಟದೆ, ಬರಿಯ ಕುಳಿತುಕೊಳ್ಳುವುದನ್ನೇ ಬಹುಕಾಲ ಕಲಿಯುತ್ತಾನೆ.

ವಿದ್ಯೆಯು ಹೀಗೆ ಜೀವಂತ ದೇಹಗಳಲ್ಲಿ ನೆಲೆಸಿರುವಾಗ ಅದಕ್ಕೊದಗುವ ಅಪಾಯವೂ ದೊಡ್ಡದು. 1939ರಿಂದ 1964ರವರೆಗೆ ಶಾಲೆಯ ಮುಖ್ಯಸ್ಥರಾಗಿದ್ದ ಆಲೊಯಿಸ್ ಪೊದಾಯ್ಸ್ಕಿಯವರು 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ನೀರೊ ಎಂಬ ಕುದುರೆಯೊಡನೆ ಕಂಚಿನ ಪದಕ ಪಡೆದವರು. ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, ವಿಯೆನ್ನಾದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ಅವರು ಕುದುರೆಗಳನ್ನು ಸಾಂಕ್ಟ್ ಮಾರ್ಟಿನ್ ಎಂಬಲ್ಲಿಗೆ ಸಾಗಿಸಿದರು. 1945ರ ಮೇ 7ರಂದು ಅಮೆರಿಕದ ಸೇನಾಪತಿ ಜಾರ್ಜ್ ಪ್ಯಾಟನ್ ಅವರ ಮುಂದೆ ಪ್ರದರ್ಶನವಿತ್ತು, ಶಾಲೆಗೆ ರಕ್ಷಣೆಯನ್ನು ಬೇಡಿ ಪಡೆದರು. ಬೊಹೀಮಿಯಾದ ಹೋಸ್ಟೌ ಎಂಬಲ್ಲಿ ಸಿಕ್ಕಿಕೊಂಡಿದ್ದ ಹೆಣ್ಣುಕುದುರೆಗಳನ್ನು ಅಮೆರಿಕದ ಸೈನಿಕರು ಬಿಡಿಸಿ ತಂದರು. 1955ರಲ್ಲಿ ಶಾಲೆ ವಿಯೆನ್ನಾಕ್ಕೆ ಮರಳಿತು. ಅಂದು ಕುದುರೆಗಳೂ ಸವಾರರೂ ಅಳಿದಿದ್ದರೆ, 1898ರ ಆ ಕಿರುಹೊತ್ತಗೆಯೊಂದರಿಂದ ಈ ವಿದ್ಯೆಯನ್ನು ಮತ್ತೆ ಎಬ್ಬಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಈ ನಡುವೆ ಇದೇ ಕಲೆ ಸ್ಪರ್ಧೆಯ ಅಂಗಣಕ್ಕೂ ಇಳಿದಿತ್ತು. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಸೇರಿದ ಡ್ರೆಸಾಜ್, 1948ರವರೆಗೂ ಸೇನಾಧಿಕಾರಿಗಳಿಗೆ ಮೀಸಲಾಗಿತ್ತು. 1952ರ ಹೆಲ್ಸಿಂಕಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದಾಗ, ಪೋಲಿಯೊ ರೋಗದಿಂದ ಮೊಣಕಾಲಿನ ಕೆಳಗೆ ಶಕ್ತಿಯಿಲ್ಲದಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿಯ ಪದಕ ಗೆದ್ದರು. ಕಾಲಿನ ಬಲವಿಲ್ಲದವರ ಮಾತನ್ನು ಕುದುರೆ ಕೇಳಿತೆಂದರೆ, ಅದು ಕೇಳುವುದು ಬಲವನ್ನಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಇಂದು ಜಗತ್ತಿನಾದ್ಯಂತ ಸವಾರರು ವರ್ಷಾರಂಭದಲ್ಲಿ ಗುರಿಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಇಂಥ ತಿಂಗಳಿಗೆ ಇಂಥ ಮಟ್ಟದ ಪರೀಕ್ಷೆ, ಒಂದೊಂದು ನಡೆಗೂ ತೀರ್ಪುಗಾರರು ಹತ್ತರೊಳಗೆ ಕೊಡುವ ಅಂಕಗಳು ಇಷ್ಟು, ಎಂಬುದು ಆ ಬರಹದ ರೀತಿ. ಬರೆದಿಡುವುದರಲ್ಲಿ ದೋಷವಿಲ್ಲ. ಆದರೆ ಪಂಚಾಂಗವನ್ನು ನೋಡಿ ಗುರಿಯಿಡುವವನು ಕುದುರೆಯ ಬೆನ್ನನ್ನೂ ನೋಡಬೇಕು; ವರ್ಷಾಂತ್ಯದಲ್ಲಿ ಗುರಿ ಮುಟ್ಟಲಿಲ್ಲವೆಂದು ಕಂಡಾಗ, ಕುದುರೆಯನ್ನು ದೂರದೆ, ಯಾವ ಮೆಟ್ಟಿಲಿನಲ್ಲಿ ಅವಸರಪಟ್ಟೆನೆಂದು ತನ್ನನ್ನೇ ಕೇಳಿಕೊಳ್ಳಬೇಕು. ಹಿಂದಿನ ಪಾಠಕ್ಕೆ ಮರಳುವುದನ್ನು ಸೋಲೆಂದು ಎಣಿಸಿದವನಿಗೆ ಈ ವಿದ್ಯೆ ಒಲಿಯದು. ಮರಳುವುದಕ್ಕೆ ಸ್ಥಳವಿಟ್ಟುಕೊಂಡ ಗುರಿಯೇ ನಿಜವಾದ ಗುರಿ.

ವಿಯೆನ್ನಾದ ಆ ಮಂದಿರದ ನೆಲಕ್ಕೂ ಮರಳನ್ನೇ ಹಾಸಿದೆ. ಮುಂಜಾನೆಯ ಅಭ್ಯಾಸದಲ್ಲಿ ಎಳೆಯ ಕುದುರೆಗಳ ಗೊರಸುಗಳು ಆ ಮರಳಿನಲ್ಲಿ ವೃತ್ತಗಳನ್ನೂ ರೇಖೆಗಳನ್ನೂ ಬರೆಯುತ್ತವೆ, ಕೆಲವು ವಕ್ರ, ಕೆಲವು ನೇರ. ಪಾಠ ಮುಗಿದ ಮೇಲೆ ಮರಳನ್ನು ಸಮಗೊಳಿಸುತ್ತಾರೆ. ಮಾರನೆಯ ಬೆಳಗ್ಗೆ ಅದೇ ಕುದುರೆ, ಅದೇ ಸವಾರ, ಅದೇ ವೃತ್ತವನ್ನು ಮತ್ತೊಮ್ಮೆ ತಿದ್ದುತ್ತಾರೆ.