ಕಣ್ಣುಬೇನೆ: ನಂದಿಬಟ್ಟಲಿನಿಂದ ಹನಿಮದ್ದಿನವರೆಗೆ



2023ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲೆಲ್ಲ ಕಣ್ಣುಬೇನೆ ಹರಡಿದಾಗ ಹಳೆಯ ಮನೆಮದ್ದುಗಳ ಮಾತೂ ಮತ್ತೆ ಕೇಳಿಬಂದಿತು. ಅವುಗಳಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ನೇತ್ರಚಿಕಿತ್ಸೆ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ಬಗೆಯ ನೇತ್ರರೋಗಗಳ ವಿವರಣೆಯಿದೆ. ಆದರೆ ಹಳ್ಳಿಯ ಮನೆಗಳಲ್ಲಿ ನಡೆಯುತ್ತಿದ್ದುದು ಶಾಸ್ತ್ರಕ್ಕಿಂತ ಹೆಚ್ಚಾಗಿ ರೂಢಿ. ಕಣ್ಣು ಕೆಂಪಾದರೆ ನಂದಿಬಟ್ಟಲ ಹೂವನ್ನು ನೆನೆಸಿದ ನೀರಿನಿಂದ ತೊಳೆಯುವುದು, ಬಾಣಂತಿಯ ಎದೆಹಾಲಿನ ಹನಿ ಬಿಡುವುದು, ನೆತ್ತಿಗೆ ಹರಳೆಣ್ಣೆ ತಟ್ಟುವುದು, ಮಗುವನ್ನು ಕತ್ತಲ ಕೋಣೆಯಲ್ಲಿ ಬೇರೆಯಾಗಿ ಮಲಗಿಸುವುದು ಇವೆಲ್ಲ ಇದ್ದವು. ಬೆಂಗಳೂರಿನಲ್ಲಿ 1896ರಲ್ಲಿ ಚಿಕ್ಕ ನೇತ್ರ ಚಿಕಿತ್ಸಾಲಯವೊಂದು ಆರಂಭವಾಗಿ ಮುಂದೆ ಮಿಂಟೋ ಆಸ್ಪತ್ರೆಯೆಂದು ಹೆಸರಾಯಿತು. ಆದರೂ ದೂರದ ಹಳ್ಳಿಗರಿಗೆ ಬಹುಕಾಲ ಹಿತ್ತಲೇ ಔಷಧಾಲಯವಾಗಿತ್ತು.

ಈ ಮದ್ದುಗಳಿಗೆ ಅಷ್ಟು ಹೆಸರು ಬಂದುದು ಹೇಗೆ? ನಾವು ಮದ್ರಾಸ್ ಐ ಎನ್ನುವ ಬೇನೆ ಬಹುಮಟ್ಟಿಗೆ ವೈರಸ್ಸಿನಿಂದ ಬರುವಂಥದು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅದು ತಾನಾಗಿಯೇ ವಾಸಿಯಾಗುತ್ತದೆ. ಏನು ಹಾಕಿದರೂ, ಹಾಕದಿದ್ದರೂ ಕಣ್ಣು ತಿಳಿಯಾಗುತ್ತಿತ್ತು. ಕೀರ್ತಿ ಮಾತ್ರ ಹಾಕಿದ ಮದ್ದಿಗೆ ಸಲ್ಲುತ್ತಿತ್ತು.

ಅಪಾಯವಿದ್ದುದು ಇನ್ನೊಂದು ಬಗೆಯ ಕೆಂಗಣ್ಣಿನಲ್ಲಿ. ಒಕ್ಕಣೆಯ ಕಾಲದಲ್ಲಿ ಭತ್ತದ ಹೊಟ್ಟು, ಕಟಾವಿನಲ್ಲಿ ಕಬ್ಬಿನ ಗರಿ ತಗುಲಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಗೀರಿದರೆ, ಅಲ್ಲಿ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಸೇರಿ ಹುಣ್ಣಾಗುತ್ತದೆ. ಅದಕ್ಕೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಹಾಕಿದರೆ ರೋಗಾಣುಗಳಿಗೆ ಇನ್ನಷ್ಟು ದಾರಿಯಾಗುತ್ತದೆ. ಕಡೆಗೆ ಕಣ್ಣಿಗೆ ಬಿಳಿಯ ಹೂ ಬಿದ್ದು ದೃಷ್ಟಿಯೇ ಹೋಗಬಹುದು. ಹೊಸ ಮದ್ದೂ ಇಲ್ಲಿ ನಿರ್ದೋಷಿಯಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಗಳು ಶಿಲೀಂಧ್ರದ ಹುಣ್ಣನ್ನು ಉಲ್ಬಣಗೊಳಿಸುತ್ತವೆ.

ವಾಯವ್ಯ ಭಾರತದ ಒಣಸೀಮೆಗಳನ್ನು ಹೆಚ್ಚಾಗಿ ಕಾಡಿದ ಟ್ರಕೋಮಾದ ಕಥೆ ಇನ್ನೊಂದು ಪಾಠ. ಕೈ, ಬಟ್ಟೆ, ನೊಣಗಳಿಂದ, ಒಂದೇ ಬೆರಳಿನಲ್ಲಿ ಮಕ್ಕಳಿಗೆಲ್ಲ ಕಾಡಿಗೆ ಹಚ್ಚುವುದರಿಂದಲೂ ಹರಡುವ ರೋಗವದು. 1963ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಟ್ರಕೋಮಾ ನಿವಾರಣೆಯಾಗಿದೆಯೆಂದು ಸಾರಿತು. ಈ ಗೆಲುವಿನಲ್ಲಿ ಟೆಟ್ರಾಸೈಕ್ಲಿನ್ ಮುಲಾಮಿನಂತೆ ಮುಖ ತೊಳೆಯುವ ನೀರಿಗೂ ಪಾಲಿದೆ.

ಆದ್ದರಿಂದ ಹಿರಿಯರ ರೂಢಿಯಲ್ಲಿ ಶುಚಿತ್ವ, ವಿಶ್ರಾಂತಿ, ರೋಗಿಯನ್ನು ಬೇರೆಯಿಡುವ ಎಚ್ಚರ ಇವನ್ನು ಗೌರವದಿಂದ ಉಳಿಸಿಕೊಳ್ಳಿ. ಕಣ್ಣಿನೊಳಗೆ ಏನನ್ನಾದರೂ ಹಿಂಡುವುದನ್ನು ಬಿಡಿ. ನೋವು ಹೆಚ್ಚಿದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಂಕಾದರೆ, ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ ದಿನ ನೇತ್ರವೈದ್ಯರಲ್ಲಿಗೆ ಹೋಗಿ. ಊರಿನಲ್ಲಿ ಗದ್ದೆಯ ಕೆಲಸ ಮಾಡುವ ನಿಮ್ಮ ಅಣ್ಣತಮ್ಮಂದಿರಿಗೂ ಈ ಮಾತನ್ನು ತಿಳಿಸಿ.