ಇನ್ಸಾಟ್-3ಡಿಆರ್

ಭಾರತದ ಭೂಸ್ಥಿರ ಹವಾಮಾನ ಉಪಗ್ರಹ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡ 2,211 ಕಿಲೋ ತೂಕದ ಇದನ್ನು 2016ರ ಸೆಪ್ಟೆಂಬರ್ 8ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್05 ರಾಕೆಟ್ ಹಾರಿಸಿತು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ಇದನ್ನು ಸುಮಾರು 36,000 ಕಿ.ಮೀ. ಎತ್ತರದ ಕಕ್ಷೆಗೇರಿಸಿತು. ಸ್ಥಾನ 74 ಡಿಗ್ರಿ ಪೂರ್ವ ರೇಖಾಂಶ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಈ ರೇಖೆಯಿಂದ ಸುಮಾರು ಒಂದೂವರೆ ಡಿಗ್ರಿ ಪೂರ್ವಕ್ಕಿವೆ.

ಆರು ಚಾನೆಲ್‌ಗಳ ಇಮೇಜರ್ ಮೋಡಗಳ ಚಿತ್ರ ತೆಗೆಯುತ್ತದೆ. ಅವಗೆಂಪು ಚಾನೆಲ್‌ಗಳಿಂದಾಗಿ ರಾತ್ರಿಯೂ ಮೋಡದ ನೆತ್ತಿಯ ಉಷ್ಣತೆ ತಿಳಿಯುತ್ತದೆ: ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರದ್ದು, ಬಿರುಮಳೆಯ ಸಂಭವ ಹೆಚ್ಚು. 19 ಚಾನೆಲ್‌ಗಳ ಸೌಂಡರ್ ವಾತಾವರಣದ ಪದರಪದರದ ಉಷ್ಣತೆ, ತೇವಾಂಶಗಳನ್ನು ಅಳೆಯುತ್ತದೆ. ಸ್ವಯಂಚಾಲಿತ ಹವಾಮಾನ ಕೇಂದ್ರಗಳ ದತ್ತಾಂಶವನ್ನು ರವಾನಿಸುವುದೂ ಇದರ ಕೆಲಸ.

ಬ್ಯಾಡಗಿ ಸೀಮೆಗೆ ಇದರ ಬೆಲೆ ಮೆಣಸಿನಕಾಯಿ ಒಣಗುವ ದಿನಗಳಲ್ಲಿ ಗೊತ್ತಾಗುತ್ತದೆ. ಕಣದಲ್ಲಿ ಹರವಿದ ಕಾಯಿ ಅಕಾಲ ಮಳೆಗೆ ನೆನೆದರೆ ಬಣ್ಣಗೆಟ್ಟು ದರ ಕುಸಿಯುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವನ್ನು ಉಪಗ್ರಹ ಮೊದಲೇ ಗುರುತಿಸುವುದರಿಂದ ರಾಶಿ ಮಾಡಿ ತಾಡಪತ್ರಿ ಹೊದಿಸಲು ಸಮಯ ಸಿಗುತ್ತದೆ. ಆದರೆ ಉಷ್ಣ ಅವಗೆಂಪು ಚಿತ್ರದ ಒಂದು ಚುಕ್ಕೆ ಸುಮಾರು 4 ಕಿ.ಮೀ. ಅಗಲದ್ದು; ಅಕ್ಕಪಕ್ಕದ ಎರಡು ಹೊಲಗಳಲ್ಲಿ ಯಾವುದಕ್ಕೆ ಮಳೆ ಎಂಬುದನ್ನು ಅದು ಹೇಳಲಾರದು.